ಕುಂಕುಮದ ಕೆಳಗಿನ ಮುದ್ರೆ

ನನಗೆ ಹುಚ್ಚು ಹಿಡಿದದ್ದು ಸೊಲ್ಲಾಪುರದಲ್ಲಿ. ಚಾದರು ಕೊಳ್ಳಲು ಹೋದವಳು ಹಳೆಯ ನಾಣ್ಯ ಮಾರುವವನ ಮುಂದೆ ಕೂತುಬಿಟ್ಟೆ. ಅವನ ಹತ್ತಿರ ಒಂದು ಅಮೇರಿಕದ ನೋಟು ಇತ್ತು. ನಮ್ಮ ಈಗಿನ ನೋಟಿಗಿಂತ ಅಗಲ, ಅಂಚೆಲ್ಲ ಹರಿದಿತ್ತು, ನಟ್ಟನಡುವೆ ಒಂದು ಊರಿನ ಹೆಸರು ಅಚ್ಚಾಗಿತ್ತು. ದೇಶದ ಹೆಸರಲ್ಲ, ರಾಜಧಾನಿಯ ಹೆಸರಲ್ಲ, ಅಟ್ಲಾಸಿನಲ್ಲಿ ಭೂತಗನ್ನಡಿ ಹಿಡಿದು ಹುಡುಕಿದರೂ ಸಿಗದ ಒಂದು ಚಿಕ್ಕ ಊರು. ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವಳು. ನೋಟಿನ ಮೇಲೆ ಈ ಊರು ಯಾಕೆ ಬಂತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವವನ ಹತ್ತಿರ ಚೌಕಾಸಿ ಮಾಡುವುದು ಸುಲಭ. ಮಾಡಿದೆ, ಕೊಂಡೆ, ನಮ್ಮೂರು ಇಂಡಿಗೆ ಬಂದು ಇಳಿದಾಗ ಚಾದರು ಕೊಂಡಿಲ್ಲ ಎನ್ನುವುದು ನೆನಪಾಯಿತು.

ಆಮೇಲೆ ಹುಡುಕಿ ಓದಿದೆ. ಒಂದು ಕಾಲದಲ್ಲಿ ಅಮೇರಿಕದ ಚಿಕ್ಕಪುಟ್ಟ ಊರಿನ ಬ್ಯಾಂಕುಗಳೂ ತಮ್ಮ ತಮ್ಮ ಹೆಸರಿನಲ್ಲಿ ನೋಟು ಹೊರಡಿಸುತ್ತಿದ್ದವಂತೆ. ಅಚ್ಚು ಹಾಕಿಸುವುದು ಸರ್ಕಾರ, ಕೆಳಗೆ ಸಹಿ ಮಾತ್ರ ಆ ಊರಿನ ಬ್ಯಾಂಕಿನ ಅಧ್ಯಕ್ಷನದು ಮತ್ತು ಕ್ಯಾಷಿಯರನದು. 1935ರ ಹೊತ್ತಿಗೆ ಅದೆಲ್ಲ ನಿಂತುಹೋಯಿತು. ಸ್ವಲ್ಪ ಯೋಚಿಸಿ ನೋಡಿ. ಇಂಡಿಗೆ ಇಂಡಿಯದೇ ನೋಟು, ಸಿಂದಗಿಗೆ ಸಿಂದಗಿಯದು, ಮುದ್ದೇಬಿಹಾಳಕ್ಕೆ ಮುದ್ದೇಬಿಹಾಳದ್ದು! ನಮ್ಮ ಇಂಡಿಯ ನೋಟಿಗೆ ಯಾರೋ ಲಿಂಬೆಹಣ್ಣಿನ ದಲಾಲಿ ಸಹಿ ಹಾಕಿರುತ್ತಿದ್ದ, ಆಲಮೇಲದ ನೋಟಿಗೆ ಕಬ್ಬಿನ ಗೌಡರೊಬ್ಬರು ಹೆಬ್ಬೆಟ್ಟು ಒತ್ತಿರುತ್ತಿದ್ದರು. ಇದು ಹೊಳೆದ ದಿನ ನನಗೆ ಊಟ ರುಚಿಸಲಿಲ್ಲ. ಪಕ್ಕದ ಸಾಲೋಟಗಿಗೆ ಶಾಸನ ಓದಲು ಬಂದವರು ಕಲ್ಲಿನ ಮುಂದೆ ಬಿಸಿಲು ಮರೆತು ಕೂಡುವುದನ್ನು ಚಿಕ್ಕಂದಿನಲ್ಲಿ ನೋಡಿ ನಕ್ಕವಳು ನಾನು. ಈಗ ನಾನೂ ಹಾಗೆಯೇ ಕೂತೆ.

ಇವತ್ತಿಗೆ ನನ್ನ ಕಡತದಲ್ಲಿ ಹನ್ನೊಂದು ನೋಟುಗಳಿವೆ. ಎಲ್ಲವೂ ಬಡಪಾಯಿಗಳು. ಮಡಚಿದ್ದು, ಮಾಸಿದ್ದು, ಒಂದಕ್ಕಂತೂ ಮೂಲೆಯೇ ಇಲ್ಲ. ಒಂದೊಂದರ ಊರನ್ನೂ ನಕ್ಷೆಯಲ್ಲಿ ಹುಡುಕಿ, ಅಲ್ಲಿ ಯಾವ ನದಿ ಹರಿಯುತ್ತದೆ, ಏನು ಬೆಳೆಯುತ್ತಾರೆ, ರೈಲು ಬರುತ್ತದೋ ಇಲ್ಲವೋ ಎಂದು ವಹಿಯಲ್ಲಿ ಬರೆದಿಟ್ಟಿದ್ದೇನೆ. ನಮ್ಮ ಮನೆಯವರದು ಒಂದೇ ಮಾತು: ಹನ್ನೊಂದು ನೋಟು ಕೂಡಿಸಿ ಕೊಟ್ಟರೂ ಇಂಡಿ ಸ್ಟ್ಯಾಂಡಿನಲ್ಲಿ ಅರ್ಧ ಕಪ್ ಚಹಾ ಬರುವುದಿಲ್ಲ. ಅವರ ಬಾಯಿ ಮುಚ್ಚಿಸುವಂಥ ಒಂದು ನೋಟು ನನಗೆ ಸಿಗಬೇಕಿತ್ತು.

ಅದು ಯಾವುದೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. 1902ರ ಮಾದರಿಯ ನೋಟಿನ ಬಲಗಡೆ ಸರ್ಕಾರದ ಒಂದು ದುಂಡು ಮುದ್ರೆ ಇರುತ್ತದೆ. ಮೊದಲ ಕೆಲವು ವರ್ಷ ಅದನ್ನು ಕೆಂಪು ಬಣ್ಣದಲ್ಲಿ ಒತ್ತಿದರು, ಆಮೇಲೆ ಕೊನೆಯವರೆಗೂ ನೀಲಿ. ನೀಲಿ ಮುದ್ರೆಯವು ಬೇಕಾದಷ್ಟು ಉಳಿದಿವೆ. ಕೆಂಪು ಮುದ್ರೆಯವು ಕೈಗೆ ಸಿಗುವುದೇ ಅಪರೂಪ. ಕೆಂಪು ಮುದ್ರೆಯ ಒಂದೇ ಒಂದು ನೋಟನ್ನು ಜೀವಮಾನದಲ್ಲಿ ಕಣ್ಣಾರೆ ಕಾಣಬೇಕು ಎನ್ನುವುದು ನನ್ನಂಥ ಎಲ್ಲ ಹುಚ್ಚರ ಆಸೆ.

ಹೋದ ವರ್ಷ ಜೋಳ ಬಿತ್ತುವ ಸಮಯದಲ್ಲಿ ನನ್ನ ಫೋನಿಗೆ ಒಂದು ಫೋಟೋ ಬಂತು. ಕಳಿಸಿದವನು ನಾನು ಸಿಂದಗಿಯ ಹೈಸ್ಕೂಲಿನಲ್ಲಿದ್ದಾಗ ಕಲಿಸಿದ ಹುಡುಗ. ಹುಡುಗ ಎಂದರೂ ಈಗ ನಲವತ್ತೈದು ದಾಟಿದವನು, ಬಸವನ ಬಾಗೇವಾಡಿಯಲ್ಲಿ ನೀರೆತ್ತುವ ಮೋಟರುಗಳ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಭಾರತದ ನಕ್ಷೆ ಬರೆಯಲು ಹೇಳಿದರೆ ಗುಜರಾತನ್ನೇ ಬಿಟ್ಟು ಬರುತ್ತಿದ್ದ. ಸಂಕ್ರಾಂತಿಯ ನಂತರ ಅವನ ತಾಯಿ ತೀರಿಕೊಂಡಿದ್ದು ನನಗೆ ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ ಆಕೆ ಮುದ್ದೇಬಿಹಾಳದಲ್ಲಿ ಮಗಳ ಮನೆಯಲ್ಲಿದ್ದರು. ಆ ಮಗಳೂ ನನ್ನ ವಿದ್ಯಾರ್ಥಿನಿಯೇ, ಅಣ್ಣನಿಗಿಂತ ಎರಡು ವರ್ಗ ಕೆಳಗೆ. ತಾಯಿಯ ಪೆಟ್ಟಿಗೆಯಲ್ಲಿ ಸಿಕ್ಕ ಈ ನೋಟು ಏನೆಂದು ಹೇಳ್ರಿ ಎಂದು ಅವನು ಕೇಳಿದ್ದ.

ಫೋಟೋ ತೆರೆದೆ. ಐದು ಡಾಲರಿನದು, 1902ರ ಮಾದರಿ. ಎಡಕ್ಕೆ ಗಡ್ಡದ ಸಾಹೇಬನೊಬ್ಬನ ಮುಖ. ಕೆಳಗಿನ ಎಡ ಮೂಲೆಯ ಮೇಲೆ ಒಂದು ಬೆಳ್ಳಿಯ ರೂಪಾಯಿ ಕೂತಿತ್ತು. ಬಲಕ್ಕೆ ದುಂಡು ಮುದ್ರೆ. ಕೆಂಪು! ನಾನು ಕೂತಲ್ಲಿಂದ ಎದ್ದೆ, ಮತ್ತೆ ಕೂತೆ, ಮತ್ತೆ ಎದ್ದೆ. ಎದೆ ಹಾರುವುದು ಎಂದರೇನೆಂದು ಅವತ್ತು ತಿಳಿಯಿತು. ಒಲೆಯ ಮೇಲಿನ ಬೇಳೆ ತಳ ಹತ್ತಿ ವಾಸನೆ ಬಂದರೂ ನಾನು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದೆ. ಆಮೇಲೆ ಒಬ್ಬ ಟೀಚರು ಮಾಡಬಾರದ ಕೆಲಸ ಮಾಡಿದೆ. ವಸ್ತುವನ್ನು ಕಣ್ಣಿಂದ ನೋಡದೆ, ಇದು ಬಹಳ ದೊಡ್ಡ ನೋಟು, ಯಾರಿಗೂ ಮುಟ್ಟಗೊಡಬೇಡ ಎಂದು ಅವನಿಗೆ ಬರೆದುಬಿಟ್ಟೆ. ಅಷ್ಟಕ್ಕೆ ಸುಮ್ಮನಿದ್ದರೆ ನಾನು ನಾನಲ್ಲ. ನಮ್ಮದೊಂದು ನೋಟು ಕೂಡಿಸುವವರ ವಾಟ್ಸಾಪ್ ಗುಂಪಿದೆ, ಅದರಲ್ಲೂ ವಿಜಯಪುರ ಜಿಲ್ಲೆಯಲ್ಲಿ ಕೆಂಪು ಮುದ್ರೆ ಸಿಕ್ಕಿದೆ ಎಂದು ಡಂಗುರ ಹೊಡೆದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದಾಯಿತು.

ಒಂದು ಗಂಟೆಯೊಳಗೆ ಮುದ್ದೇಬಿಹಾಳದಿಂದ ಅವನ ತಂಗಿಯ ಫೋನ್ ಬಂತು. ಆಕೆ ಮೆದು ಮಾತಿನವಳು, ಆದರೆ ಅವತ್ತಿನ ದನಿ ಬೇರೆ ಇತ್ತು. ಅವ್ವನ ಬಳೆ, ಸರ, ಹಿತ್ತಾಳೆ ಪಾತ್ರೆ ಎಲ್ಲವನ್ನೂ ಅಣ್ಣ ತಂಗಿ ಜಗಳವಿಲ್ಲದೆ ಹಂಚಿಕೊಂಡಿದ್ದರಂತೆ. ಉಳಿದದ್ದು ಈ ನೋಟೊಂದು. ಅಣ್ಣನಿಗೆ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿದೆ, ಅದನ್ನು ಹಿಡಿಯುವ ಆಸೆ. ನೋಟಿಗೆ ಬೆಲೆ ಬಂದರೆ ಮಾರೋಣ, ಬರದಿದ್ದರೆ ನೀನೇ ಇಟ್ಟುಕೋ ಎಂದು ಅವನು ಹೇಳಿದ್ದ, ಈಕೆ ಒಪ್ಪಿದ್ದಳು. ಯಾವುದು ಎಂದು ತೀರ್ಮಾನ ಮಾಡಲು ಇಬ್ಬರೂ ನನ್ನನ್ನು ಗೊತ್ತು ಮಾಡಿದ್ದರು. ಈಗ ನಾನು ಫೋಟೋ ನೋಡಿಯೇ ತೀರ್ಮಾನ ಕೊಟ್ಟಿದ್ದೆ. ಆಕೆಗೆ ನೋಟು ಮಾರುವುದು ಬೇಡವಾಗಿತ್ತು.

"ಅಕ್ಕೋರ, ಬಂದು ನೋಡ್ರಿ. ಕೈಯಾಗ ಹಿಡದು ನೋಡಿ, ಆಮ್ಯಾಲ ಏನರ ಹೇಳ್ರಿ. ನೀವು ಹೇಳಿದ್ದಕ್ಕ ನಾ ಎದುರಾಡಂಗಿಲ್ಲ."

ನನಗೆ ಬೇಕಾದದ್ದೂ ಅದೇ. ಆಕೆಯ ಸಂಕಟ ಕಿವಿಗೆ ಬಿತ್ತು, ತಲೆಗೆ ಹತ್ತಲಿಲ್ಲ. ತಲೆಯ ತುಂಬ ಕೆಂಪು ಮುದ್ರೆ ಕೂತಿತ್ತು. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಚೀಲದಲ್ಲಿ ಭೂತಗನ್ನಡಿ, ಚಿಮಟಿಗೆ, ಬ್ಯಾಟರಿ, ಪ್ಲಾಸ್ಟಿಕ್ ಲಕೋಟೆ, ಹತ್ತಿ, ಒಂದು ಸಣ್ಣ ಸೀಸೆ ಸ್ಪಿರಿಟ್ಟು. ಸೂಲಗಿತ್ತಿ ಹೊರಟ ಹಾಗೆ ಹೊರಟಿದ್ದೀಯಲ್ಲ ಎಂದು ನಮ್ಮ ಮನೆಯವರು ನಕ್ಕರು. ಸಿಂದಗಿಯಲ್ಲಿ ಇಳಿದು ಬಸ್ಸು ಬದಲಿಸಿದೆ. ಹಳೆಯ ವಿದ್ಯಾರ್ಥಿಗಳು ಮೂವರು ಸಿಕ್ಕು ಚಹಾಕ್ಕೆ ಕರೆದರು. ಜೀವನದಲ್ಲಿ ಮೊದಲ ಬಾರಿ ಸಿಂದಗಿಯಲ್ಲಿ ಚಹಾ ಕುಡಿಯದೆ ಬಂದೆ. ಬಾಗೇವಾಡಿ ಸ್ಟ್ಯಾಂಡಿನಲ್ಲಿ ಅಣ್ಣ ಕಾಯುತ್ತಿದ್ದ, ಅಲ್ಲಿಂದ ಇಬ್ಬರೂ ಕೂಡಿ ಹೋದೆವು.

ದಾರಿಯಲ್ಲಿ ಅವನು ನೋಟಿನ ಕಥೆ ಹೇಳಿದ. ಅವರ ಅಜ್ಜಿ, ಎಂದರೆ ತಂದೆಯ ತಾಯಿ, ಸೊಲ್ಲಾಪುರದ ಕಡೆ ಒಂದು ಮಿಶನ್ ದವಾಖಾನೆಯಲ್ಲಿ ಆಯಾ ಆಗಿದ್ದಳಂತೆ. ಅಲ್ಲಿನ ಅಮೇರಿಕದ ಡಾಕ್ಟರಮ್ಮ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೋಗುವಾಗ ಅಜ್ಜಿಯ ಕೈಯಲ್ಲಿ ಈ ನೋಟು ಇಟ್ಟು, ಇದರ ಮೇಲೆ ಬರೆದದ್ದು ನನ್ನ ಊರು ಎಂದಿದ್ದಳು. ಅಜ್ಜಿಗೆ ಇಂಗ್ಲಿಷ್ ಬಾರದು. ದೂರದಿಂದ ಬಂದ ಲಕ್ಷ್ಮಿ ಎಂದು ಪೆಟ್ಟಿಗೆಯಲ್ಲಿಟ್ಟಳು. ಅಜ್ಜಿಯ ನಂತರ ಅದು ಸೊಸೆಗೆ, ಎಂದರೆ ಇವರ ತಾಯಿಗೆ ಬಂತು. ನಾನು ಹೂಂ ಹೂಂ ಎನ್ನುತ್ತ ಕೇಳಿದೆ. ಅವನು ಪಕ್ಕದ ಮಳಿಗೆಯ ಬಗ್ಗೆ ಹೇಳತೊಡಗಿದ, ನಾನು ಕೆಂಪು ಮುದ್ರೆಯ ಬಗ್ಗೆ ಹೇಳತೊಡಗಿದೆ. ಒಬ್ಬರ ಮಾತು ಒಬ್ಬರು ಕೇಳದೆ ಇಬ್ಬರೂ ಖುಷಿಯಾಗಿ ಮುದ್ದೇಬಿಹಾಳ ಮುಟ್ಟಿದೆವು.

ತಂಗಿಯದು ಮುಂದಿನ ಕೋಣೆಯಲ್ಲೇ ಟೇಲರಿಂಗು. ಹೊಲಿಗೆ ಮಿಶನ್ನಿನ ಮೇಲೆ ಅರ್ಧ ಹೊಲಿದ ಕುಪ್ಪಸ, ಕೆಳಗೆ ಬಣ್ಣಬಣ್ಣದ ಚಿಂದಿ. ಚುರುಮುರಿಯ ಸೂಸಲಾ ತಿನ್ನದೆ ನೋಟು ತೋರಿಸುವ ಹಾಗಿಲ್ಲ ಎಂದಳು. ಗಬಗಬ ತಿಂದೆ. ಕೈ ತೊಳೆದು ಬಂದಾಗ ಆಕೆ ಒಂದು ಸಣ್ಣ ಮಣೆಯನ್ನು ತಂದು ನನ್ನ ಮುಂದೆ ಇಟ್ಟಳು. ಮಣೆಯ ಮೇಲೆ ರೇಷ್ಮೆ ಬಟ್ಟೆ, ಬಟ್ಟೆಯ ಮೇಲೆ ನೋಟು.

ನಾನು ಬಗ್ಗಿ ನೋಡಿದೆ. ನೋಡಿದವಳು ಹಾಗೇ ನಿಂತೆ. ಮುದ್ರೆಯ ಕೆಂಪು ಹೊಳೆಯುತ್ತಿತ್ತು, ಉಬ್ಬಿತ್ತು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಅಚ್ಚಿನ ಮಸಿ ಎಲ್ಲಾದರೂ ಉಬ್ಬುತ್ತದೆಯೇ?

ಅದು ಕುಂಕುಮ.

ಪ್ರತಿ ದೀಪಾವಳಿ ಅಮಾವಾಸ್ಯೆಗೆ ಈ ಮನೆಯವರು ನೋಟಿನ ಪೂಜೆ ಮಾಡುತ್ತಿದ್ದರು. ಲಕ್ಷ್ಮಿಗೆ ಕುಂಕುಮ ಹಚ್ಚಬೇಕಲ್ಲ, ಎಲ್ಲಿ ಹಚ್ಚುವುದು? ಗಡ್ಡದ ಸಾಹೇಬನ ಹಣೆಗೆ ಹಚ್ಚಿದರೆ ಸರಿಯಲ್ಲ, ಅವನು ಪರಪುರುಷ ಎಂದು ಅಜ್ಜಿ ತೀರ್ಪು ಕೊಟ್ಟಿದ್ದಳಂತೆ. ಬಲಗಡೆ ದುಂಡಗೆ ಕಾಣುವುದೇ ತಾಯಿಯ ಹಣೆ ಎಂದು ಆಕೆಯೇ ಗೊತ್ತು ಮಾಡಿದಳು. ಎಂಬತ್ತು ವರ್ಷ, ಅತ್ತೆ ಸೊಸೆ ಇಬ್ಬರೂ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅದರ ಮೇಲೇ ಒತ್ತುತ್ತ ಬಂದಿದ್ದರು. ಅರಿಶಿನದ ನೀರು ಹರಿದು ನೋಟಿನ ಉಳಿದ ಭಾಗವೆಲ್ಲ ಹಳದಿಗಟ್ಟಿತ್ತು. ಅಂಕಿಗಳ ಆಕಾರ ಇತ್ತು, ಬಣ್ಣ ಸತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಮಾತು ನನಗಾಗಿಯೇ ಹುಟ್ಟಿರಬೇಕು. ಗುಂಪಿನಲ್ಲಿ ಹೊಡೆದ ಡಂಗುರ ನೆನಪಾಗಿ ನಾಚಿಕೆಯೂ ಬಂತು, ನಗುವೂ ಬಂತು.

ಆದರೆ ಹುಚ್ಚು ಅಷ್ಟು ಬೇಗ ಬಿಡುತ್ತದೆಯೇ. ಕುಂಕುಮದ ಕೆಳಗೆ ಒಂದು ಮುದ್ರೆಯಂತೂ ಇದ್ದೇ ಇದೆ. ಅದು ನೀಲಿ ಇರಬಹುದು, ಕೆಂಪೂ ಇರಬಹುದು! ನಾನು ಹತ್ತಿ ತೆಗೆದೆ, ಸ್ಪಿರಿಟ್ಟಿನ ಮುಚ್ಚಳ ತಿರುವಿದೆ. ತಂಗಿ ನೋಟಿನ ಮೇಲೆ ಅಂಗೈ ಅಡ್ಡ ಹಿಡಿದಳು.

"ಅದನ್ನ ಒರಸಬ್ಯಾಡ್ರಿ ಅಕ್ಕೋರ. ಮ್ಯಾಲಿನ ಕುಂಕುಮದ ಬಟ್ಟ ಅವ್ವಂದು. ಹ್ವಾದ ದೀಪಾವಳಿಗಿ ಹಚ್ಚಿದ್ಲು."

ನನಗೆ ಸಿಟ್ಟು ಬಂತು. ಬರಬಾರದಿತ್ತು, ಬಂತು. ಇಂಡಿಯಿಂದ ಮೂರು ಬಸ್ಸು ಹತ್ತಿ ಬಂದವಳಿಗೆ ಒಂದು ಹನಿ ಸ್ಪಿರಿಟ್ಟು ಹಾಕಗೊಡುವುದಿಲ್ಲ ಎಂದರೆ? ಅವ್ವನ ಫೋಟೋ ಗೋಡೆಯ ಮೇಲೆ ಇದೆಯಲ್ಲ, ಫೋನಿನಲ್ಲಿ ನೂರು ಇವೆಯಲ್ಲ, ಈ ಎಣ್ಣೆಕುಂಕುಮದಲ್ಲಿ ಏನಿದೆ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಆಕೆ ಗೋಡೆಯ ಫೋಟೋದ ಕಡೆ ನೋಡಿದಳು.

"ಅವ್ವನ ಮಾರಿ ಫೋಟೋದಾಗ ಐತ್ರಿ. ಕೈ ಇಲ್ಲ."

ಗಂಡ ಸತ್ತ ಮೇಲೂ ಅವರ ತಾಯಿ ಹಬ್ಬದ ದಿನ ಲಕ್ಷ್ಮಿಗೆ ತಾನೇ ಕುಂಕುಮ ಹಚ್ಚುತ್ತಿದ್ದಳಂತೆ. ನೆರೆಯವರು ಮೂಗು ಮುರಿದರೆ, ಲಕ್ಷ್ಮಿ ನನ್ನ ಹಣೆ ನೋಡುವುದಿಲ್ಲ, ದುಡಿಯುವ ಕೈ ನೋಡುತ್ತಾಳೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳಂತೆ. ಅದನ್ನು ಹೇಳುವಾಗಲೂ ತಂಗಿ ನೋಟಿನ ಮೇಲಿನ ಅಂಗೈ ತೆಗೆಯಲಿಲ್ಲ. ನಾನು ಮುಚ್ಚಳವನ್ನು ತಿರುಗಿ ಹಾಕಿದೆ. ಹಾಕಿದೆ ಎಂದ ಮಾತ್ರಕ್ಕೆ ನಾನು ದೊಡ್ಡ ಮನಸ್ಸಿನವಳಲ್ಲ. ಆ ಕುಂಕುಮ ಒರೆಸಬೇಕೆಂದು ನನ್ನ ಕೈ ಇನ್ನೂ ತುರಿಸುತ್ತಲೇ ಇತ್ತು.

ಸರಿ, ಮುಟ್ಟದೆ ಪತ್ತೆ ಹಚ್ಚುತ್ತೇನೆ ಎಂದು ಸೆರಗು ಸಿಕ್ಕಿಸಿ ಕೂತೆ. ನಿಜ ಹೇಳುತ್ತೇನೆ, ಆ ಮುಂದಿನ ಒಂದು ತಾಸಿನಷ್ಟು ಸುಖವನ್ನು ನಾನು ಈ ಹವ್ಯಾಸದಲ್ಲಿ ಎಂದೂ ಪಟ್ಟಿಲ್ಲ. ಮೊದಲು ನೋಟಿನ ಹಿಂದಿನಿಂದ ಬ್ಯಾಟರಿ ಹಿಡಿದೆ. ಎಣ್ಣೆ ಇಳಿದ ಕಾಗದದಲ್ಲಿ ಕರಿ ನೆರಳೊಂದು ಬಿಟ್ಟು ಏನೂ ಕಾಣಲಿಲ್ಲ. ಆಮೇಲೆ ಮಗುಚಿ ಹಿಂಬದಿ ನೋಡಿದೆ. ಹಡಗಿನಿಂದ ಇಳಿದ ಜನರ ಚಿತ್ರ ಇತ್ತು, ಮೇಲೆ ಇಸವಿ ಇರಲಿಲ್ಲ. ನೀಲಿ ಮುದ್ರೆಯ ಕೆಲವು ನೋಟುಗಳ ಬೆನ್ನಿಗೆ ಇಸವಿ ಇರುತ್ತದೆ, ಅದು ಇದ್ದಿದ್ದರೆ ಆಟ ಅಲ್ಲೇ ಮುಗಿಯುತ್ತಿತ್ತು. ಇರಲಿಲ್ಲವಾದ್ದರಿಂದ ಕೆಂಪಿನ ಆಸೆ ಉಳಿಯಿತು! ಸರ್ಕಾರದ ಅಧಿಕಾರಿಗಳ ಅಚ್ಚಿನ ಸಹಿ ಓದಿದೆ, ಅವು ಎರಡೂ ಬಣ್ಣದ ಕಾಲಕ್ಕೆ ಹೊಂದುತ್ತಿದ್ದವು. ಒಂದೊಂದು ಪರೀಕ್ಷೆ ಮುಗಿದಾಗಲೂ ಅಣ್ಣ ನನ್ನ ಮುಖ ನೋಡುತ್ತಿದ್ದ, ತಂಗಿ ನೆಲ ನೋಡುತ್ತಿದ್ದಳು.

ಕೊನೆಗೆ ಭೂತಗನ್ನಡಿ ಹಿಡಿದು ಕುಂಕುಮದ ಅಂಚಿನಲ್ಲಿ ಎಲ್ಲಾದರೂ ಕೆಳಗಿನ ಬಣ್ಣ ಇಣುಕುತ್ತದೆಯೇ ಎಂದು ಹುಡುಕತೊಡಗಿದೆ. ಬಣ್ಣ ಕಾಣಲಿಲ್ಲ. ಗೆರೆಗಳು ಕಂಡವು. ಸಣ್ಣ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು, ಬಾಗಿ ಸುತ್ತಿಕೊಂಡವು. ಎಣ್ಣೆಯಲ್ಲಿ ಕಲಸಿದ ಕುಂಕುಮ ಒಣಗುವಾಗ ಬೆರಳಿನ ಗುರುತನ್ನು ಹಾಗೆಯೇ ಹಿಡಿದಿಟ್ಟಿತ್ತು. ಆ ಗೆರೆಗಳನ್ನೆಲ್ಲ ಒಂದು ಓರೆ ಗೀರು ಅಡ್ಡ ಕತ್ತರಿಸಿತ್ತು. ಇದೇನಿದು ಎಂದು ನಾನು ಕೂಗಿಕೊಂಡೆ. ತಂಗಿ ಭೂತಗನ್ನಡಿ ಕಸಿದುಕೊಂಡು ನೋಡಿದಳು. ಬದನೆಕಾಯಿ ಹೆಚ್ಚುವಾಗ ಈಳಿಗೆಗೆ ಸಿಕ್ಕು ಅವ್ವನ ಉಂಗುರಬೆರಳು ಆಳವಾಗಿ ಕೊಯ್ದಿತ್ತಂತೆ, ತಂಗಿ ಆಗ ನಾಲ್ಕನೆಯ ವರ್ಗದಲ್ಲಿದ್ದಳಂತೆ. ಅದೇ ಗೀರು. ಅಳುತ್ತ ನಗುತ್ತ ಅಣ್ಣನ ತೋಳು ಹಿಡಿದು ಜಗ್ಗಿದಳು.

ಅಣ್ಣ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಭೂತಗನ್ನಡಿ ನನ್ನ ಕೈಗೆ ಕೊಟ್ಟು, ಅಂಗಡಿಯಿಂದ ಫೋನ್ ಬಂದಿದೆ ಎಂದು ಹೊರಗೆ ಹೋದ. ಫೋನು ರಿಂಗಾದದ್ದು ನನಗಂತೂ ಕೇಳಿರಲಿಲ್ಲ.

ಅವನು ತಿರುಗಿ ಬರುವಷ್ಟರಲ್ಲಿ ನನಗೆ ಒಂದು ವಿಷಯ ಹೊಳೆದಿತ್ತು, ಇಷ್ಟು ಹೊತ್ತು ಯಾಕೆ ಹೊಳೆಯಲಿಲ್ಲ ಎಂದು ಹಣೆ ಬಡಿದುಕೊಂಡೆ. ಈ ನೋಟುಗಳ ಮೇಲೆ ಎರಡು ನಂಬರು ಇರುತ್ತವೆ. ಮೇಲೆ ಬಲಕ್ಕೆ ಒಂದು, ಕೆಳಗೆ ಎಡಕ್ಕೆ ಒಂದು. ಮೊದಲಿನ ಕಾಲದಲ್ಲಿ ಒಂದು ಸರ್ಕಾರದ್ದು, ಇನ್ನೊಂದು ಬ್ಯಾಂಕಿನದು, ಎರಡೂ ಬೇರೆ ಬೇರೆ. 1925ರ ನಂತರ ಸರ್ಕಾರದ ನಂಬರು ಕೈಬಿಟ್ಟು, ಬ್ಯಾಂಕಿನ ನಂಬರನ್ನೇ ಎರಡೂ ಕಡೆ ಒತ್ತಿದರು. ಎರಡೂ ಒಂದೇ ಆಗಿದ್ದರೆ ನೋಟು ಆ ಕಾಲದ್ದು, ಆ ಕಾಲದ್ದಾದರೆ ಮುದ್ರೆ ನೀಲಿಯೇ. ಬಣ್ಣ ನೋಡಬೇಕಾಗಿಯೇ ಇಲ್ಲ, ಕುಂಕುಮ ಮುಟ್ಟಬೇಕಾಗಿಯೂ ಇಲ್ಲ! ಮೇಲಿನ ನಂಬರು ಓದಲು ಬರುತ್ತಿತ್ತು. ಕೆಳಗಿನದು ಬೆಳ್ಳಿ ರೂಪಾಯಿಯ ಅಡಿ ಇತ್ತು. ಆ ರೂಪಾಯಿಯೂ ಪೂಜೆಯದೇ, ಅರಿಶಿನ ಎಣ್ಣೆ ಕೂಡಿ ಅಂಟಿಕೊಂಡು ಕಲ್ಲಾಗಿತ್ತು.

ಚಿಮಟಿಗೆ ಹಾಕಿ ಎಬ್ಬಿಸಲು ಹೋದೆ. ಕಾಗದ ಚರ್ ಎಂದಿತು. ತಂಗಿ ನನ್ನ ಕೈ ಸರಿಸಿ, ರೀಲಿನಿಂದ ಒಂದು ಮೊಳ ದಾರ ಹರಿದುಕೊಂಡಳು. ದಾರವನ್ನು ನಾಣ್ಯದ ಅಂಚಿಗೆ ಹೊಂದಿಸಿ, ಎರಡೂ ತುದಿ ಹಿಡಿದು, ಅತ್ತ ಒಂದು ಎಳೆ ಇತ್ತ ಒಂದು ಎಳೆ ನಿಧಾನಕ್ಕೆ ಜಗ್ಗತೊಡಗಿದಳು. ತಪ್ಪು ಬಿದ್ದ ಹೊಲಿಗೆ ಬಿಚ್ಚಿ ಬಿಚ್ಚಿ ಪಳಗಿದ ಕೈ. ದಾರ ಕೂದಲಿನಷ್ಟು ಕೂದಲಿನಷ್ಟೇ ಒಳಗೆ ಹೋಗುತ್ತಿತ್ತು. ಕೆಂಪು ಎಂದಾದರೆ ಅವ್ವನ ಬೆರಳು ಮನೆ ಬಿಟ್ಟು ಹೋಗುತ್ತದೆ ಎಂದು ಗೊತ್ತಿದ್ದೂ ಆಕೆ ತನ್ನ ಕೈಯಿಂದಲೇ ಆ ದಾರ ಎಳೆಯುತ್ತಿದ್ದಳು. ನಾನಾಗಿದ್ದರೆ ಎಳೆಯುತ್ತಿದ್ದೆನೋ ಇಲ್ಲವೋ.

ನಾಣ್ಯ ಕಳಚಿ ಮಣೆಯ ಮೇಲೆ ಉರುಳಿತು. ಬೆಳ್ಳಿಯ ಕಪ್ಪು ಹತ್ತಿದ ದುಂಡಿನೊಳಗೆ ಅಂಕಿಗಳು ಸ್ವಚ್ಛವಾಗಿದ್ದವು. ನಾನು ಮೇಲಿನ ನಂಬರು ಓದಿದೆ, ಕೆಳಗಿನದು ಓದಿದೆ. ಮತ್ತೆ ಓದಿದೆ. ಅಂಕಿಗೆ ಅಂಕಿ ಒಂದೇ!

"ನೀಲಿ!" ಎಂದು ಕೂಗಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಆದರೂ ಆ ಕ್ಷಣ ನನಗಾದ ಆನಂದ ಕೆಂಪು ಸಿಕ್ಕಿದ್ದರೂ ಆಗುತ್ತಿರಲಿಲ್ಲವೇನೋ. ಒಂದು ಹನಿ ಸ್ಪಿರಿಟ್ಟು ಹಾಕದೆ, ಒಂದು ಚಕ್ಕೆ ಕುಂಕುಮ ಉದುರಿಸದೆ ಪತ್ತೆ ಹಚ್ಚಿದ್ದೆವಲ್ಲ. ಅಣ್ಣ ಬೆಲೆ ಎಷ್ಟಾದೀತು ಎಂದು ಕೇಳಿದ. ಸಾಮಾನ್ಯ ನೀಲಿ ನೋಟು, ಅದೂ ಈ ಸ್ಥಿತಿಯಲ್ಲಿ, ಎರಡು ಜೊತೆ ಒಳ್ಳೆಯ ಚಪ್ಪಲಿ ಬಂದರೆ ಹೆಚ್ಚು ಎಂದೆ. ಅವನು ನಕ್ಕ. ತಂಗಿಯ ತಲೆಯ ಮೇಲೆ ಮೆಲ್ಲಗೆ ಮೊಟಕಿ, ನೀನೇ ಇಟ್ಟುಕೋ ಎಂದ. ಆಕೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಎರಡನೆಯ ಸಲದ ಚಹಾ ಇತ್ತು. ಹೊರಡುವ ಮುನ್ನ ಬ್ಯಾಂಕಿನ ಹೆಸರು, ಊರು, ನಂಬರು ಎಲ್ಲ ವಹಿಯಲ್ಲಿ ಗೀಚಿಕೊಂಡೆ.

ಗುಂಪಿನವರ ಕೈಯಲ್ಲಿ ಬೈಸಿಕೊಂಡದ್ದು ಬೇರೆ ಮಾತು. ಎರಡು ದಿನ ಬಿಟ್ಟು ವಹಿಯನ್ನು ನೀಟಾಗಿ ಬರೆಯಲು ಕೂತಾಗ, ಅಭ್ಯಾಸದಂತೆ ಊರನ್ನು ಹುಡುಕಿದೆ. ಬಣ್ಣದ ಹುಚ್ಚಿನಲ್ಲಿ, ಭೂಗೋಳದ ಟೀಚರು ನಾನು, ಊರನ್ನು ನೋಡುವುದನ್ನೇ ಬಿಟ್ಟಿದ್ದೆ! ಅದು ನೆಬ್ರಾಸ್ಕಾದ ಒಂದು ಸಣ್ಣ ಊರು. ಜಗತ್ತಿನ ಹುಚ್ಚರೆಲ್ಲ ಕೂಡಿ ಮಾಡಿದ ಒಂದು ಪಟ್ಟಿ ಇದೆ. ಯಾವ ಬ್ಯಾಂಕಿನ ಎಷ್ಟು ನೋಟು ಇವತ್ತಿಗೆ ಉಳಿದದ್ದು ಗೊತ್ತಾಗಿದೆ ಎಂದು ಅದರಲ್ಲಿ ಇರುತ್ತದೆ. ಈ ಬ್ಯಾಂಕಿನ ಮುಂದೆ ಸೊನ್ನೆ ಇತ್ತು. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಸೊನ್ನೆಯೇ. ಆ ಬ್ಯಾಂಕಿನ ಒಂದು ನೋಟನ್ನೂ ಈವರೆಗೆ ಯಾರೂ ಕಂಡಿಲ್ಲ. ಹಾಗಿದ್ದರೆ ಮುದ್ರೆಯ ಬಣ್ಣ ಯಾವುದಿದ್ದರೇನು? ಆ ರಾಜ್ಯದ ನೋಟು ಕೂಡಿಸುವವರು ಇದಕ್ಕಾಗಿ ಮುಗಿಬೀಳುತ್ತಾರೆ. ನಾನು ಎರಡು ಜೊತೆ ಚಪ್ಪಲಿ ಎಂದಿದ್ದೆ.

ನಮ್ಮ ಮನೆಯವರನ್ನು ಕೂಗಿ ಕರೆದೆ, ಅವರು ಬರುವಷ್ಟರಲ್ಲಿ ಏನೂ ಇಲ್ಲ ಎಂದು ಕಳಿಸಿದೆ. ಪಟ್ಟಿ ಇಡುವವರಿಗೆ ಪತ್ರ ಬರೆದೆ, ಇಂಥ ನೋಟು ಸಿಕ್ಕಿದೆ, ಮೊದಲು ಗುರುತಿಸಿದವಳು ನಾನು ಎಂದು. ಒಂದು ಗುಂಡಿ ಒತ್ತಿದರೆ ಸೊನ್ನೆ ಹೋಗಿ ಒಂದು ಆಗುತ್ತಿತ್ತು. ಒತ್ತಲಿಲ್ಲ. ತಂಗಿ ದಾರ ಎಳೆದದ್ದು ಕಣ್ಣ ಮುಂದೆ ಬಂತು. ಹಾಗೆಂದು ಸುಮ್ಮನಿರುವುದೂ ಆಗಲಿಲ್ಲ. ಅಣ್ಣನೂ ನನ್ನ ಮಾತಿನ ಮೇಲೆ ಭಾರ ಹಾಕಿ ಕೈಬಿಟ್ಟಿದ್ದ, ತಪ್ಪು ಹೇಳಿ ಅವನ ಮಳಿಗೆ ತಪ್ಪಿಸಿದವಳು ನಾನು. ಮೂವತ್ತು ವರ್ಷದಲ್ಲಿ ಬೇಕೆಂದು ಯಾರಿಗೂ ತಪ್ಪು ಅಂಕ ಕೊಟ್ಟಿಲ್ಲ, ಈಗ ಕೊಡಲು ಮನಸ್ಸು ಒಪ್ಪಲಿಲ್ಲ. ಎರಡು ದಿನ ನಿದ್ದೆಗೆಟ್ಟು, ಮೂರನೆಯ ದಿನ ಬಾಗೇವಾಡಿಗೆ ಫೋನ್ ಹಚ್ಚಿದೆ.

ಎಲ್ಲವನ್ನೂ ಹೇಳಿದೆ. ನಾನು ಹೇಳಿದ್ದು ತಪ್ಪು, ಮುದ್ರೆ ನೀಲಿಯೇ, ಆದರೆ ಆ ಊರಿನ ನೋಟು ಜಗತ್ತಿನಲ್ಲಿ ಗೊತ್ತಿರುವುದು ಇದೊಂದೇ, ಮಾರಿದರೆ ಪಕ್ಕದ ಮಳಿಗೆ ಹಿಡಿದು ಮೇಲೆ ದುಡ್ಡು ಉಳಿಯುತ್ತದೆ ಎಂದೆ. ಹೇಳುವಾಗ ನನ್ನ ದನಿಯೇ ನನಗೆ ಸಾಕಾಯಿತು. ಆ ಕಡೆ ವೈಂಡಿಂಗ್ ಮಿಶನ್ನು ತಿರುಗುವ ಸಪ್ಪಳ ಕೇಳುತ್ತಿತ್ತು. ಅದು ನಿಂತಿತು.

"ಅಕ್ಕೋರ, ಕುಂಕುಮ ಒರಸದ ತಗೊಳ್ಳಾವ್ರು ಯಾರರ ಅದಾರೇನ್ರಿ?"

ಇಲ್ಲಪ್ಪ ಎಂದೆ. ಯಾರೇ ಕೊಂಡರೂ ಮೊದಲು ಮಾಡುವ ಕೆಲಸ ಅದೇ.

ಮಿಶನ್ನು ಮತ್ತೆ ತಿರುಗತೊಡಗಿತು.

"ಹಂಗಾರ ಬ್ಯಾಡ್ರಿ. ತಂಗೀಗೂ ಇದನ್ನ ಹೇಳಬ್ಯಾಡ್ರಿ. ಗೊತ್ತಾದ್ರ ಅಂಜಿ ಬ್ಯಾಂಕ್ ಲಾಕರ್‌ನ್ಯಾಗ ಇಟ್ಟ ಬಿಡ್ತಾಳ. ಆಮ್ಯಾಲ ನನಗ ಅವ್ವನ ಕೈ ನೋಡಬೇಕಂದ್ರ ಎಲ್ಲಿ ಹೋಗ್ಲಿ?"